ಹೆಲ್ವಿಯ ಜೇಬು ತಪಾಸಣೆ

ನಮ್ಮ ಬೇಟೆ ಸಂಘದಲ್ಲಿ ನನ್ನ ಅತ್ತಿಗೆ ಹೆಲ್ವಿಗೆ 'ಜೇಬು ಪೊಲೀಸ್' ಎಂಬ ಅಡ್ಡಹೆಸರಿತ್ತು. ಇಟ್ಟವನು ಸುಲೋ. ಊರಿನ ಅರ್ಧ ಅಡ್ಡಹೆಸರುಗಳು ಅವನವೇ, ಅವನಿಗೆ ಬೇರೆ ಕೆಲಸವೂ ಇರಲಿಲ್ಲ. ಆಗಸ್ಟ್ ಇಪ್ಪತ್ತರಂದು ಮಧ್ಯಾಹ್ನ ಹನ್ನೆರಡಕ್ಕೆ ಕಾಡುಬಾತುಗಳ ಬೇಟೆ ಶುರುವಾಗುತ್ತದೆ. ಅವತ್ತು ಬೆಳಿಗ್ಗೆ ಕೈಸ್ಲಾ ಸರೋವರದ ದಡದಲ್ಲಿ, ದೋಣಿ ಹತ್ತುವ ಮೊದಲು, ಪ್ರತಿಯೊಬ್ಬನೂ ಹೆಲ್ವಿಯ ಮುಂದಿನ ಹಲಗೆಯ ಮೇಲೆ ಜೇಬು ಖಾಲಿ ಮಾಡಬೇಕಿತ್ತು. ಅವಳು ಕೋವಿಯ ತೋಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ವಾಪಸ್ ಕೊಡುತ್ತಿದ್ದಳು. ಅವಳು ಹೂಂ ಅನ್ನುವ ತನಕ ಯಾರೂ ದೋಣಿಗೆ ಕಾಲಿಡುವಂತಿರಲಿಲ್ಲ.

ಇದು ಸಂಘದ ನಿಯಮವಲ್ಲ, ಅವಳದೇ ಹಟ. ಅವಳ ಅಪ್ಪನ ಎಡಗೈಯಲ್ಲಿ ಉಳಿದಿದ್ದುದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ಕೋವಿಗಳಲ್ಲಿ ಹನ್ನೆರಡು ಬೋರಿನ ನಳಿಗೆ ದಪ್ಪ, ಇಪ್ಪತ್ತು ಬೋರಿನದು ಸಣ್ಣ. ಸಣ್ಣ ತೋಟೆಯನ್ನು ದಪ್ಪ ನಳಿಗೆಗೆ ಹಾಕಿದರೆ ಅದು ಒಳಕ್ಕೆ ಜಾರಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವನಿಗೆ ನಳಿಗೆ ಖಾಲಿ ಇದ್ದಂತೆ ಕಾಣುತ್ತದೆ. ಅವನು ಇನ್ನೊಂದು ತುಂಬಿ ಕೋವಿಯ ಕುದುರೆ ಎಳೆದರೆ ನಳಿಗೆ ಸಿಡಿಯುತ್ತದೆ, ಮುಂದಿನ ಕತೆ ಹೇಳಬೇಕಾಗಿಲ್ಲ. ಹೆಲ್ವಿ ಏಳು ವರ್ಷದವಳಿದ್ದಾಗಿನಿಂದ ಅಪ್ಪನ ಅಂಗಿಗೆ ಗುಂಡಿ ಹಾಕುತ್ತಾ ಬೆಳೆದವಳು. ಶಾಲೆಗೆ ಹೊರಡುವ ಮೊದಲು ಅಪ್ಪನ ಗುಂಡಿ, ಆಮೇಲೆ ತನ್ನದು.

ದೊಡ್ಡವಳಾದ ಮೇಲೆ ಊರಿನ ಅಂಗಡಿಯ ಗಲ್ಲಾದ ಹಿಂದೆ ನಿಂತಳು. ಮೊಳೆ, ಮೀನಿನ ಬಲೆ, ರಬ್ಬರ್ ಬೂಟು, ಇವುಗಳ ಜೊತೆಗೆ ತೋಟೆ ಮಾರುವುದೂ ಅವಳ ಪಾಲಿಗೇ ಬಂತು. ನೀರುಹಕ್ಕಿಗಳ ಬೇಟೆಗೆ ತೋಟೆಯೊಳಗೆ ತುಂಬುವ ಸೀಸದ ಚರೆಗುಂಡು ನಿಷೇಧವಾದ ಮೊದಲ ಬೇಸಿಗೆಯಲ್ಲಿ ಗಂಡಸರೆಲ್ಲ ತಮ್ಮ ಸಿಟ್ಟು ತೀರಿಸಿಕೊಳ್ಳಲು ಅವಳ ಅಂಗಡಿಗೇ ಬಂದರು. ಕಾನೂನು ಮಾಡಿದವಳು ಅವಳೇ ಅನ್ನುವ ಹಾಗೆ. ನಾನೂ ಹೋಗಿ ಒಂದೆರಡು ಮಾತು ಆಡಿ ಬಂದಿದ್ದೆ, ಸುಳ್ಳೇಕೆ.

"ಸೀಸ ತಿಂದ್ರೆ ಬಾತು ಸಾಯುತ್ತಂತೆ," ಎಂದ ಸುಲೋ, ಗಲ್ಲಾದ ಮೇಲೆ ಮೊಣಕೈ ಊರಿ. "ಸೀಸ ಹೊಡೆದ್ರೂ ಸಾಯುತ್ತಲ್ಲ. ಏನು ವ್ಯತ್ಯಾಸ?"

"ನೀನು ಹೊಡೆದದ್ದು ಎಲ್ಲಿ ಸಾಯುತ್ತೆ ಸುಲೋ? ನಿನ್ನ ಚರೆಯೆಲ್ಲ ಸೀದಾ ಸರೋವರದ ತಳಕ್ಕೆ. ಅದನ್ನ ಕಾಳು ಅಂತ ತಿಂದೇ ಪಾಪ ಅವು ಸಾಯೋದು."

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಹೆಲ್ವಿ ಕೆಲಸದ ಮಾತಿಗೆ ಬಂದಳು. ಉಕ್ಕಿನ ಚರೆ ಸೀಸಕ್ಕಿಂತ ಹಗುರ, ಬೇಗ ಕಸುವು ಕಳೆದುಕೊಳ್ಳುತ್ತದೆ. ಆದ್ದರಿಂದ ಎರಡು ನಂಬರು ದಪ್ಪ ಚರೆ ತಗೋ, ದೂರದ ಹಕ್ಕಿಗೆ ಆಸೆ ಪಡಬೇಡ, ನಳಿಗೆಯ ಬಾಯಿ ತೀರಾ ಬಿಗಿ ಇದ್ದರೆ ಅದಕ್ಕೆ ಉಕ್ಕು ಬೇಡವೇ ಬೇಡ. ಯಾರು ಯಾವ ಕೋವಿ ಹಿಡಿಯುತ್ತಾರೆ ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು. ಕೇಳಿದ್ದನ್ನು ಕೊಡುತ್ತಿರಲಿಲ್ಲ, ತನಗೆ ಸರಿ ಕಂಡದ್ದನ್ನು ಕೊಡುತ್ತಿದ್ದಳು.

ಹೆಚ್ಚು ತಲೆ ತಿಂದವನು ಅವಳ ಗಂಡ, ನನ್ನ ಅಣ್ಣ ಟೌನೋ. ಅವನ ಬಳಿ ಇದ್ದುದು ನಮ್ಮಪ್ಪನ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ. ಅಪ್ಪ ಅದನ್ನು ನನಗೆ ಕೊಡದೆ ಅವನಿಗೆ ಕೊಟ್ಟದ್ದು ಏಕೆ ಎಂದು ನಾನು ಈಗಲೂ ಯೋಚಿಸುವುದುಂಟು, ಅದು ಬಿಡಿ. ನಳಿಗೆಗಳು ತೆಳು, ಹಳೆಯ ಕಾಲದವು. ಉಕ್ಕು ಹಾಕಿದರೆ ಒಳಗೆಲ್ಲ ಗೀರು ಬಿದ್ದು ಹಾಳಾಗುತ್ತವೆ ಎಂದು ಹೆಲ್ವಿ ಕಡ್ಡಿ ಮುರಿದಂತೆ ಹೇಳಿದಳು.

"ಹಾಗಾದ್ರೆ ಈ ವರ್ಷ ನಾನು ಮನೇಲೇ ಬೆಕ್ಕಿನ ಜೊತೆ ಕೂರ್ತೀನಿ," ಎಂದ ಟೌನೋ.

"ಬೆಕ್ಕು ಏನು ಪಾಪ ಮಾಡಿದೆ? ಬಿಸ್ಮತ್ ತರಿಸ್ತೀನಿ, ತಾಳು."

ಬಿಸ್ಮತ್ ಎಂಬ ಲೋಹದ ಚರೆ ಸೀಸದ ಹಾಗೇ ಮೆತ್ತಗೆ, ಹಳೆಯ ನಳಿಗೆಗೆ ಗಾಯ ಮಾಡುವುದಿಲ್ಲ. ಪಟ್ಟಣದಿಂದ ಬರಲು ಹದಿನೈದು ದಿನ ಹಿಡಿಯಿತು. ಬಂದ ತೋಟೆಗಳು ಕೆಂಪು. ಟೌನೋ ಅವನ್ನು ಅಡಿಗೆಮನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಮಗುವಿನಂತೆ ನೋಡುತ್ತಾ ಕುಳಿತಿದ್ದ.

ಹೆಲ್ವಿ ಆ ವರ್ಷ ತನಗೂ ತೋಟೆ ಆರಿಸಿಕೊಂಡಿದ್ದಳು. ಇಷ್ಟು ಕಾಲ ಅವಳು ಟೌನೋನ ದೋಣಿಯ ಹಿಂಬದಿಯಲ್ಲಿ ನಿಂತು ಗಳ ಹಾಕಿ ದೋಣಿ ತಳ್ಳುತ್ತಿದ್ದಳು, ಅವನು ಮುಂದೆ ಕುಳಿತು ಹೊಡೆಯುತ್ತಿದ್ದ. ಹೆಂಗಸರಿಗೆ ಗಳ ಸಾಕು ಎಂಬುದು ನಮ್ಮ ಸಂಘದ ಬುದ್ಧಿವಂತಿಕೆ. ಆ ವಸಂತದ ಸಭೆಯಲ್ಲಿ ಅವಳಿಗೂ ಹೊಡೆಯುವ ಹಕ್ಕು ಕೊಡೋಣವೇ ಎಂಬ ಪ್ರಶ್ನೆ ಬಂತು. "ನಾಳೆ ದೋಣಿಗೆ ಪರದೆ ಕಟ್ಟಿ ಅಂತಾರೆ ನೋಡ್ತಿರಿ," ಎಂದು ಸುಲೋ ವಿರೋಧಿಸಿದ. ಕೈ ಎತ್ತಿಸಿ ಎಣಿಸಿದಾಗ ಅವಳು ಕೂದಲೆಳೆಯಲ್ಲಿ ಗೆದ್ದಳು. ಅವತ್ತು ಅವಳು ಮನೆಗೆ ನಡೆದುಹೋದ ಠೀವಿ ನೋಡಬೇಕಿತ್ತು. ಮಂಜುಗಡ್ಡೆಯ ಮೇಲೆ ಜಾರಿ ಒಮ್ಮೆ ಭುಜ ಮುರಿದುಕೊಂಡಿದ್ದ ಅವಳಿಗೆ ದಪ್ಪ ಕೋವಿಯ ಒದೆ ತಡೆಯುತ್ತಿರಲಿಲ್ಲ. ಹಾಗಾಗಿ ಇಪ್ಪತ್ತು ಬೋರು ಕೊಂಡಳು, ಅದಕ್ಕೆ ಉಕ್ಕಿನ ಚರೆಯ ತೋಟೆ. ಇಪ್ಪತ್ತರ ತೋಟೆ ಯಾವಾಗಲೂ ಹಳದಿ, ಯಾರೂ ತಪ್ಪಿ ದಪ್ಪ ನಳಿಗೆಗೆ ಹಾಕದಿರಲಿ ಎಂದೇ ಆ ಬಣ್ಣ.

ಬೇಟೆಯ ಹಿಂದಿನ ಸಂಜೆ ನಾವು ಮೂವರೂ ಜಲ್ಲಿ ಗುಂಡಿಗೆ ಹೋದೆವು. ಹೊಸ ತೋಟೆಯ ಚರೆ ಎಷ್ಟು ಅಗಲ ಹರಡುತ್ತದೆಂದು ಕಾಗದಕ್ಕೆ ಹೊಡೆದು ನೋಡದೆ ಹಕ್ಕಿಯ ಕಡೆ ಕೋವಿ ಎತ್ತುವುದು ಹೆಲ್ವಿಗೆ ಒಪ್ಪಿಗೆ ಇಲ್ಲ. ನಾನು ಹಲಗೆಗೆ ಕಾಗದ ಬಡಿದೆ. ಅಷ್ಟರಲ್ಲಿ ತುಂತುರು ಶುರುವಾಯಿತು. ಹೆಲ್ವಿ ತೆಳ್ಳನೆಯ ಸ್ವೆಟರಿನಲ್ಲಿ ಬಂದಿದ್ದಳು. ಟೌನೋ ತನ್ನ ಬೇಟೆಯ ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿ ತಾನು ಮರದಡಿ ನಿಂತು ಪೈಪು ಹಚ್ಚಿದ. ಅವಳು ಹಳದಿ ತೋಟೆಗಳನ್ನು ಆ ಕೋಟಿನ ಜೇಬಿಗೆ ಸುರಿದುಕೊಂಡು ಹೊಡೆದಳು, ಕಾಗದದ ತೂತುಗಳನ್ನು ಬೆರಳಿಟ್ಟು ನೋಡಿದಳು, ಮತ್ತೆ ಹೊಡೆದಳು. "ಮೂವತ್ತು ಹೆಜ್ಜೆ ಒಳಗಾದ್ರೆ ಸರಿ, ಆಚೆ ಹೋದ್ರೆ ಪಾಪ ಗಾಯ ಆಗಿ ಹಾರ್ತವೆ," ಎಂದು ತನಗೆ ತಾನೇ ಹೇಳಿಕೊಂಡಳು. ಹೊರಡುವಾಗ ಜೇಬು ಖಾಲಿ ಮಾಡಿ ಕೋಟನ್ನು ಹಿಂದಿರುಗಿಸಿದಳು.

ಮರುದಿನ ದಡದಲ್ಲಿ ತಪಾಸಣೆ ಜೋರಾಗಿಯೇ ನಡೆಯಿತು. ಸುಲೋನ ಜೇಬಿನಿಂದ ಒಂದು ಗಾಳ, ಕರಗಿದ ಮಿಠಾಯಿ ಮತ್ತು ಹೋದ ವರ್ಷದ ಸೀಸದ ತೋಟೆ ಬಿದ್ದವು. ಹೆಲ್ವಿ ಮಿಠಾಯಿ ವಾಪಸ್ ಕೊಟ್ಟು ತೋಟೆ ಇಟ್ಟುಕೊಂಡಳು. ಸುಲೋನ ಮುಖ ಗಂಟಾಯಿತು. ಅವನ ಹಿಂದೆ ನಿಂತಿದ್ದವನು ಟೌನೋ. ಅವನು ಆಗಲೇ ಜೇಬಿಗೆ ಕೈ ಹಾಕಿದ್ದ.

"ಗಂಡನ ಜೇಬನ್ನ ದಿನಾ ಮನೇಲೇ ತಡಕ್ತಾಳೆ, ಇಲ್ಲೂ ಬೇಕಾ?" ಎಂದು ಸುಲೋ ಕೂಗಿದ. "ಬಿಡಮ್ಮ, ಅಲ್ಲಿ ಏನೂ ಉಳಿದಿರಲ್ಲ!"

ದಡವೆಲ್ಲ ನಗು. ನಾನೂ ನಕ್ಕೆ. ಹೆಲ್ವಿಯ ಕಿವಿ ಕೆಂಪಾದವು. ಹೊಸದಾಗಿ ಹಕ್ಕು ಸಿಕ್ಕವಳಿಗೆ ಮೊದಲ ದಿನವೇ ನಗೆಪಾಟಲಾಗುವುದು ಬೇಡವೆನ್ನಿಸಿರಬೇಕು. ಟೌನೋನ ತೋಟೆಗಳನ್ನು ಆರಿಸಿದವಳೂ ಬೆಳಿಗ್ಗೆ ಕೋಟಿನ ಬಲ ಜೇಬಿಗೆ ತುಂಬಿದವಳೂ ತಾನೇ ಅಲ್ಲವೇ. "ಹೋಗು ಹೋಗು," ಎಂದು ಕೈಬೀಸಿ ಅವನನ್ನು ದೋಣಿಗೆ ಕಳಿಸಿಬಿಟ್ಟಳು.

ಟೌನೋ ಮುಂದೆ, ಗಳ ಹಿಡಿದು ಸುಲೋ ಹಿಂದೆ. ಅವರು ಸರೋವರದ ಆಚೆ ದಡದ ಜೊಂಡಿಗೆ ಹೋದರು. ಈಚೆ ಜೊಂಡಿನಲ್ಲಿ ಹೆಲ್ವಿ ಮುಂದೆ ಕುಳಿತಳು, ಗಳ ನನ್ನ ಕೈಯಲ್ಲಿ. ನಡುವೆ ಬಯಲು ನೀರು. ಆ ನೀರಿನ ತುಂಬ ಬಾತುಗಳು, ನೂರಾರು.

ಹನ್ನೆರಡು ಹೊಡೆಯುವ ತನಕ ಸರೋವರದ ಮೇಲೆ ಸದ್ದು ಮಾಡುವಂತಿಲ್ಲ. ಇದು ಮಾತ್ರ ಸಂಘದ ನಿಜವಾದ ನಿಯಮ, ನಮ್ಮಜ್ಜಂದಿರ ಕಾಲದ್ದು. ಮಾತಿಲ್ಲ, ಹುಟ್ಟು ನೀರಿಗೆ ಬಡಿಯುವಂತಿಲ್ಲ, ಬಯಲು ನೀರಿಗೆ ದೋಣಿ ಇಳಿಸುವುದಂತೂ ಇಲ್ಲವೇ ಇಲ್ಲ. ಯಾರಿಂದ ಹಕ್ಕಿ ಎದ್ದಿತೋ ಅವನು ಆ ವರ್ಷ ಕೋವಿ ಮುಟ್ಟುವಂತಿಲ್ಲ. ಒಮ್ಮೆ ಒಬ್ಬ ಸೀನಿದ. ಸೀನು ಬೇಕಂತಲೇ ಬಂದದ್ದೋ ತಾನಾಗಿ ಬಂದದ್ದೋ ಎಂದು ಅರ್ಧ ದಿನ ಚರ್ಚೆಯಾಗಿ ಕೊನೆಗೂ ಅವನ ಕೋವಿ ಗೋಡೆಗೇ ತೂಗಿತು. ಬಾತುಗಳು ಒಮ್ಮೆ ಎದ್ದರೆ ಪಕ್ಕದ ಊರಿನ ಸರೋವರಕ್ಕೆ ಹೋಗಿಬಿಡುತ್ತವೆ, ವರ್ಷವೆಲ್ಲ ಕಾದದ್ದು ನೀರುಪಾಲು. ಆದ್ದರಿಂದ ನಾವು ಕಲ್ಲಿನಂತೆ ಕುಳಿತಿದ್ದೆವು. ಹೆಲ್ವಿ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು. ಮೊದಲ ಸಲ ದೋಣಿಯ ಮುಂಭಾಗ ಅವಳದಾಗಿತ್ತು.

ಸಮಯ ಹತ್ತಿರ ಬಂದಾಗ ತುಂತುರು ಬಿದ್ದಿತು. ಹೆಲ್ವಿ ಕೋಟಿನ ಕಾಲರು ಎತ್ತಿಕೊಂಡಳು. ಎತ್ತಿದ ಕೈ ಹಾಗೇ ನಿಂತಿತು. ಅವಳು ಕಾಲರಿಗೆ ಮೂಗು ತಾಗಿಸಿದಳು, ಪೈಪಿನ ತಂಬಾಕಿನ ವಾಸನೆ ಹುಡುಕುವವಳಂತೆ. ಆಮೇಲೆ ನನ್ನ ಕಡೆ ತಿರುಗಿದಳು.

"ಯಾಲ್ಮರಿ," ಎಂದು ಪಿಸುಗುಟ್ಟಿದಳು. "ನಿನ್ನೆ ಯಾವ ಕೋಟು ಹಾಕಿದ್ದೆ ನಾನು?"

"ಟೌನೋಂದು. ಸದ್ದು ಮಾಡ್ಬೇಡ."

"ಎರಡೂ ಜೇಬಲ್ಲಿ ತುಂಬಿದ್ದೆ. ಬಲಗಡೆದು ಖಾಲಿ ಮಾಡಿದೆ. ಎಡಗಡೆದು..."

ಅವಳ ಮಾತಿನ ಅರ್ಥ ನನಗೆ ಕೂಡಲೇ ಹೊಳೆಯಿತು. ಆದರೂ ಬಾಯಿಂದ ಬಂದದ್ದು ಬೇರೆ. "ಮಾಡಿರ್ತೀಯ ಮಾರಾಯ್ತಿ. ನೀನು ಮರೆಯೋಳಾ?"

"ಮಾಡಿದ್ದು ನೆನಪೇ ಬರ್ತಿಲ್ಲ."

"ಅವನೇನು ಕುರುಡನಾ? ಹಳದಿ ಕಾಣಲ್ವಾ ಅವನಿಗೆ?"

"ಅವನು ಜೇಬು ನೋಡಿ ತುಂಬಲ್ಲ, ಆಕಾಶ ನೋಡಿ ತುಂಬ್ತಾನೆ. ಗಂಡಸರೆಲ್ಲ ಹಾಗೇ." ಅವಳ ಕೈ ಹುಟ್ಟಿನ ಕಡೆ ಹೋಯಿತು. "ದೋಣಿ ತಿರುಗಿಸು."

ನಾನು ಹುಟ್ಟನ್ನು ಗಟ್ಟಿಯಾಗಿ ಹಿಡಿದೆ. ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ಏನೂ ಇಲ್ಲದಿದ್ದರೆ? ಇಷ್ಟು ಜನ ವರ್ಷವಿಡೀ ಕಾದ ದಿನವನ್ನು ಒಂದು ಅನುಮಾನಕ್ಕೆ ಹಾಳು ಮಾಡಿದ ಹೆಂಗಸು ಎಂದು ಅವಳ ಹೆಸರು ಉಳಿಯುತ್ತದೆ. ಹೊಡೆಯುವ ಹಕ್ಕು ಹೋಗುತ್ತದೆ, ಮತ್ತೆ ಬರುವುದೂ ಇಲ್ಲ. ಸುಲೋ ಸಾಯುವ ತನಕ ಆಡಿಕೊಳ್ಳುತ್ತಾನೆ. ಇದನ್ನೆಲ್ಲ ಅವಳಿಗೆ ಪಿಸುಗುಟ್ಟಿ ಹೇಳಿದೆ.

"ಗೊತ್ತು," ಎಂದಳು. "ಕೈ ತೆಗಿ."

ಅವಳು ಎದ್ದು ನಿಂತು ಕೂಗಿದಳು. "ಟೌನೋ! ತುಂಬಬೇಡ! ಟೌನೋ!"

ಗಾಳಿ ನಮ್ಮ ಮುಖಕ್ಕೇ ಬೀಸುತ್ತಿತ್ತು. ವರ್ಷಗಟ್ಟಲೆ ಕೋವಿಯ ಸದ್ದು ಕೇಳಿ ಟೌನೋನ ಕಿವಿಯೂ ಮಂದವಾಗಿತ್ತು. ಅವನಿಗೆ ಕೇಳಲಿಲ್ಲ, ಆದರೆ ಹಕ್ಕಿಗಳಿಗೆ ಕೇಳಿತು. ಹತ್ತಿರದ ಗುಂಪು ಕತ್ತು ನೆಟ್ಟಗೆ ಮಾಡಿತು. ಹೆಲ್ವಿ ಕುಳಿತು ಎರಡೂ ಹುಟ್ಟು ಎಳೆದಳು, ದೋಣಿ ಜೊಂಡು ಸೀಳಿಕೊಂಡು ಬಯಲಿಗೆ ನುಗ್ಗಿತು. ಇಡೀ ಸರೋವರ ಒಮ್ಮೆಲೇ ಮೇಲೆದ್ದಿತು. ರೆಕ್ಕೆಗಳ ಸದ್ದಿನಲ್ಲಿ ನನ್ನ ಬೈಗುಳ ನನಗೇ ಕೇಳಲಿಲ್ಲ.

ಜೊಂಡಿನಿಂದ ತಲೆಗಳು ಮೇಲೆದ್ದವು. "ಯಾವಳು ಅದು? ತಲೆ ಕೆಟ್ಟಿದೆಯಾ?" ಎಂದು ಒಂದು ಕಡೆ, "ಸರಿಯಾಗಿ ಹೇಳಿದ್ದ ಸುಲೋ!" ಎಂದು ಇನ್ನೊಂದು ಕಡೆ. ಹೆಲ್ವಿ ತಿರುಗಿ ನೋಡಲಿಲ್ಲ. ಮುರಿದು ಕೂಡಿದ್ದ ಭುಜ ನೋಯುತ್ತಿತ್ತೆಂದು ಅವಳ ಹಲ್ಲು ಕಚ್ಚಿದ ಬಾಯಿಯೇ ಹೇಳುತ್ತಿತ್ತು. ನಾನು ಎದ್ದು ಗಳ ಒತ್ತತೊಡಗಿದೆ. ಹಾಳಾದದ್ದು ಹೇಗೂ ಹಾಳಾಯಿತು, ಬೇಗ ಹೋಗಿಯಾದರೂ ಸೇರೋಣ ಎನ್ನಿಸಿತು. ಆಚೆ ದಡದಲ್ಲಿ ಟೌನೋ ಎದ್ದು ನಿಂತು ಕೋವಿಯನ್ನು ಹೆಗಲಿಗೆ ಏರಿಸಿದ್ದು ಕಂಡಿತು. ಹಕ್ಕಿಗಳು ಅವನ ತಲೆಯ ಮೇಲೇ ಹೋಗುತ್ತಿದ್ದವು. ಹನ್ನೆರಡು ಆಗಿತ್ತೋ ಇಲ್ಲವೋ ನನಗೆ ತಿಳಿಯದು. ಹೆಲ್ವಿ ಹುಟ್ಟು ಬಿಟ್ಟು ಅವನನ್ನೇ ನೋಡಿದಳು.

ಟೌನೋ ಕೋವಿ ಇಳಿಸಿದ. ಹನ್ನೆರಡಾಗಿರಲಿಲ್ಲ. ನನ್ನ ಅಣ್ಣ ನಿಯಮ ಮುರಿಯುವವನಲ್ಲ, ದೇವರು ದೊಡ್ಡವನು.

ನಮ್ಮ ದೋಣಿ ಅವರ ದೋಣಿಗೆ ಢಿಕ್ಕಿ ಹೊಡೆಯಿತು. ಟೌನೋನ ಮುಖ ಕೋಪಕ್ಕೆ ಕಪ್ಪಿಟ್ಟಿತ್ತು. "ಏನಾಯ್ತೇ ನಿಂಗೆ?"

"ಕೋವಿ ಬಿಚ್ಚು. ತೋಟೆ ತೆಗಿ. ಎಡಗಡೆ ಜೇಬು ತೋರ್ಸು."

ಅವನು ಕೋವಿ ಬಿಚ್ಚಿ ಎರಡೂ ತೋಟೆ ತೆಗೆದು ಅವಳ ಮುಂದೆ ಹಿಡಿದ. ಎರಡೂ ಕೆಂಪು. ಎಡ ಜೇಬು ಹೊರಗೆಳೆದು ತಿರುವಿದ. ನಾಲ್ಕು ಕೆಂಪು ತೋಟೆ, ಪೈಪಿನ ತಂಬಾಕಿನ ಪುಡಿ, ಅಷ್ಟೇ. ಅವನೇ ಬಲಗಡೆಯಿಂದ ಅರ್ಧ ತೆಗೆದು ಎಡಗಡೆ ಹಾಕಿಕೊಂಡಿದ್ದನಂತೆ. ಬಲ ಜೇಬನ್ನೂ ತಿರುವಿದ. ಎಲ್ಲವೂ ಕೆಂಪು. ಹಳದಿ ಒಂದೂ ಇಲ್ಲ.

ಸುಲೋ ಗಳಕ್ಕೆ ಒರಗಿ ನಿಧಾನವಾಗಿ ಚಪ್ಪಾಳೆ ತಟ್ಟಿದ. "ಭೇಷ್! ನಾನು ಅವತ್ತೇ ಹೇಳಿದ್ನಲ್ಲ, ಇವಳನ್ನ ಗಲ್ಲಾದ ಹಿಂದೇನೇ ಇಡಿ ಅಂತ!"

ನನಗೆ ನೀರಿಗೆ ಹಾರಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ದೂರದ ದೋಣಿಗಳಿಂದ ಢಂ ಢಂ ಎಂದು ಸದ್ದು ಎದ್ದಿತು. ಹನ್ನೆರಡು ಆಗಿತ್ತು. ಹೋಗುತ್ತಿದ್ದ ಹಕ್ಕಿಗಳ ಬಾಲಕ್ಕೆ ಯಾರೋ ಸಿಟ್ಟಿನಿಂದ ಹೊಡೆಯುತ್ತಿದ್ದರು. ದಾರಿ ತಪ್ಪಿದ ಒಂದು ಜೋಡಿ ತಿರುಗಿ ನಮ್ಮ ಕಡೆಯೇ ಬರುತ್ತಿತ್ತು.

"ಟೌನೋ, ಬಂದ್ವು! ತುಂಬು, ತುಂಬು!" ಎಂದ ಸುಲೋ.

ಟೌನೋ ತೋಟೆಗಳನ್ನು ನಳಿಗೆಗೆ ತಂದ. ಹೆಲ್ವಿ ತನ್ನ ದೋಣಿಯಿಂದಲೇ ಬಗ್ಗಿ ಅಂಗೈಯನ್ನು ನಳಿಗೆಗಳ ಹಿಂಬಾಯಿಗೆ ಅಡ್ಡ ಒತ್ತಿದಳು. ದೋಣಿಗಳೆರಡೂ ಓಲಾಡಿದವು.

"ಬಿಡೇ! ನೋಡಾಯ್ತಲ್ಲ!"

"ಜೇಬು ನೋಡಾಯ್ತು. ನಳಿಗೆ ನೋಡಿಲ್ಲ." ಅವಳ ಕೈ ಅಲುಗಲಿಲ್ಲ. "ಟೌನೋ, ತುಂಬುವಾಗ ಮಧ್ಯೆ ಕಣ್ಣು ಬೇರೆ ಕಡೆ ಹೋಗಿತ್ತಾ?"

ಟೌನೋ ಕೈಯಲ್ಲಿದ್ದ ತೋಟೆಗಳನ್ನು ಕೆಳಗಿಳಿಸಿದ. ಜೋಡಿ ಬಾತುಗಳು ನಮ್ಮ ತಲೆಯ ಮೇಲೆ ಹಾದುಹೋದವು.

"ಸುಲೋ ಆಕಡೆ ಬಾತು ತೋರಿಸ್ದ," ಎಂದ ಮೆಲ್ಲಗೆ. "ತಿರುಗಿ ನೋಡಿದ್ರೆ ಬಲಗಡೆ ನಳಿಗೆ ಖಾಲಿ ಇತ್ತು. ಹಾಕಿದ್ದೆ ಅಂದ್ಕೊಂಡಿದ್ದೆ. ಹಾಕಿಲ್ಲ ಅಂತ ಇನ್ನೊಂದು ಹಾಕಿದೆ."

"ಆಕಾಶಕ್ಕೆ ಹಿಡಿ."

ಅವನು ಬಿಚ್ಚಿದ ಕೋವಿಯನ್ನು ಆಕಾಶಕ್ಕೆ ಎತ್ತಿ ಹಿಂದಿನಿಂದ ಕಣ್ಣಿಟ್ಟ. ಆಮೇಲೆ ನನಗೆ ಕೊಟ್ಟ. ಎಡ ನಳಿಗೆಯಲ್ಲಿ ದುಂಡನೆಯ ಬೂದು ಆಕಾಶ ಕಂಡಿತು. ಬಲ ನಳಿಗೆಯಲ್ಲಿ ಬೆಳಕೇ ಇರಲಿಲ್ಲ. ಕತ್ತಲಲ್ಲಿ ಹಿತ್ತಾಳೆಯ ಒಂದು ಬಿಲ್ಲೆ ಮಾತ್ರ ಮಸುಕಾಗಿ ಹೊಳೆಯಿತು.

ಸುಲೋ ಕೈ ಚಾಚಿದ, ಅವನಿಗೂ ಕೊಟ್ಟೆ. ನೋಡಿದವನು ದೋಣಿಯ ಅಡ್ಡಹಲಗೆಯ ಮೇಲೆ ಕುಸಿದು ಕುಳಿತ. ನಳಿಗೆ ಸಿಡಿದಿದ್ದರೆ ಟೌನೋನ ಕೈಯ ಜೊತೆಗೆ ಹಿಂದೆ ನಿಂತ ಸುಲೋನ ಮುಖವೂ ಉಳಿಯುತ್ತಿರಲಿಲ್ಲ. ಟೌನೋ ಜೊಂಡಿನ ಒಂದು ಗಟ್ಟಿ ಕಡ್ಡಿಯನ್ನು ಮುಂದಿನ ಬಾಯಿಂದ ತೂರಿಸಿ ಮೆಲ್ಲಗೆ ತಳ್ಳಿದ. ಕಡ್ಡಿ ಮುರಿಯಿತು. ಇನ್ನೊಂದು ತೂರಿಸಿದ. ಹಳದಿ ತೋಟೆ ಜಾರಿ ಬಂದು ಹೆಲ್ವಿಯ ಅಂಗೈಗೆ ಬಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದಡ ಸೇರುವ ತನಕ ಬಿಡಲಿಲ್ಲ.

ಅವತ್ತು ಸಂಘದ ಮನೆಯಲ್ಲಿ ಬಟಾಣಿ ಸೂಪು ಕುಡಿಯುವಾಗ ಗೂಟಗಳಿಗೆ ನೇತುಹಾಕಲು ಬಾತುಗಳೇ ಇರಲಿಲ್ಲ. ಹೊಡೆದ ಹಕ್ಕಿ ತರುವ ನಾಯಿಗಳು ಸುಮ್ಮನೆ ಒಣ ಮೈಯಲ್ಲಿ ಬಿದ್ದುಕೊಂಡಿದ್ದವು. ನಡೆದದ್ದು ಎಲ್ಲರಿಗೂ ಗೊತ್ತಾಗಿತ್ತು. ಅಧ್ಯಕ್ಷ ವಿಲ್ಯೋ ಚಮಚ ಕೆಳಗಿಟ್ಟು ಗಂಟಲು ಸರಿಪಡಿಸಿಕೊಂಡ. ಮುದುಕ ಪಾಪ, ಅವನಿಗೆ ಬೇರೆ ದಾರಿ ಇರಲಿಲ್ಲ.

"ಹನ್ನೆರಡಕ್ಕೆ ಮುಂಚೆ ಹಕ್ಕಿ ಎದ್ದಿದ್ದು ಹೆಲ್ವಿಯಿಂದ. ನಿಯಮದ ಪ್ರಕಾರ ಈ ವರ್ಷ ಅವಳು ಕೋವಿ ಮುಟ್ಟೋ ಹಾಗಿಲ್ಲ. ಒಪ್ಪೋರು ಕೈ ಎತ್ತಿ."

ಸೂಪಿನ ಹಬೆ ಮಾತ್ರ ಮೇಲೆದ್ದಿತು. ಸುಲೋ ತನ್ನ ಬಟ್ಟಲಿನಲ್ಲಿ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡುತ್ತಿದ್ದ. ಆಗ ಮೇಜಿನ ಕೊನೆಯಲ್ಲಿ ಒಂದು ಕೈ ಎದ್ದಿತು. ಹೆಲ್ವಿಯದು.

"ನಿಯಮ ಎಲ್ರಿಗೂ ಒಂದೇ," ಎಂದಳು. "ತಪ್ಪು ತೋಟೆ ನಂದು. ನಗ್ತಾರೆ ಅಂತ ಜೇಬು ನೋಡ್ದೆ ಬಿಟ್ಟದ್ದೂ ನಾನೇ."

"ಮಾತು ಕೇಳಿಲ್ಲ, ಕೈ ಕೇಳಿದ್ದು," ಎಂದ ವಿಲ್ಯೋ. ಎಲ್ಲರ ಮೇಲೂ ಕಣ್ಣಾಡಿಸಿದ. "ಒಂದೇ ಕೈ. ನಿರ್ಣಯ ಬಿದ್ದುಹೋಯ್ತು. ಸೂಪು ಆರುತ್ತೆ, ಕುಡೀರಿ."

ಸುಲೋ ಎದ್ದು ಬಂದು ಅವಳ ಬಟ್ಟಲಿನ ಪಕ್ಕ ತನ್ನ ಎರಡೂ ಜೇಬು ತಿರುವಿದ. ಯಾರೂ ಕೇಳಿರಲಿಲ್ಲ. ಒಂದು ಗಾಳ, ಬೆಳಗಿನ ಅದೇ ಮಿಠಾಯಿ, ಮತ್ತೆ ಉಕ್ಕಿನ ತೋಟೆಗಳು. "ನೋಡ್ಬಿಡು," ಎಂದ, ಬೇರೆ ಕಡೆ ನೋಡುತ್ತಾ. ಹೆಲ್ವಿ ಒಂದೊಂದಾಗಿ ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

ಹೊರಡುವ ಹೊತ್ತಿಗೆ ಮಳೆ ನಿಂತು ಚಳಿ ಗಾಳಿ ಎದ್ದಿತ್ತು. ದೋಣಿಯಲ್ಲಿ ಅಲುಗದಿದ್ದ ಅವಳ ಕೈ ಈಗ ನಡುಗತೊಡಗಿತ್ತು. ಬಾಗಿಲ ಬಳಿ ನಿಂತು ಕೋಟಿನ ಗುಂಡಿ ಹಾಕಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ಟೌನೋ ಕೋವಿಯನ್ನು ನನ್ನ ಕೈಗೆ ಕೊಟ್ಟು ಅವಳ ಮುಂದೆ ಬಗ್ಗಿ ಕೆಳಗಿನ ಗುಂಡಿಯಿಂದ ಶುರುಮಾಡಿದ. ದಪ್ಪ ಬೆರಳು, ಒರಟು ಬೆರಳು, ಎಡಗೈಯಲ್ಲಿ ಐದು, ಬಲಗೈಯಲ್ಲಿ ಐದು. ಹೆಲ್ವಿ ಆ ಬೆರಳುಗಳನ್ನೇ ನೋಡುತ್ತಾ, ಎಲ್ಲರೆದುರಿಗೇ, ಚಿಕ್ಕ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತಳು.

"ಅಲ್ಲಾಡ್ಬೇಡ ಮಾರಾಯ್ತಿ," ಎಂದ ಟೌನೋ. "ಗುಂಡಿ ಸಿಗ್ತಿಲ್ಲ."